ಅವ್ವನ ಮೂರು ಆಜ್ಞೆ, ಚೀನಾದ ಹತ್ತು ತಿಂಗಳು

ಇಂಥವು ನನಗೇ ಯಾಕೆ ಆಗುತ್ತವೆ ಅಂತ ಭಾಳ ಸಲ ಕೇಳಿಕೊಂಡಿದ್ದೇನೆ. ಹಣೆಬರಹ ಅನ್ನೋಣ ಅಂದರೆ ನಾವು ಕ್ರೈಸ್ತರು, ಹಾಗನ್ನುವಂತಿಲ್ಲ, ಸಭಾಪಾಲಕರು ಬೈಯುತ್ತಾರೆ. ದೇವರ ಚಿತ್ತ ಅನ್ನೋಣ ಅಂದರೆ ನನ್ನ ಫಜೀತಿಗೆಲ್ಲ ದೇವರ ಹೆಸರು ತರಬೇಡ ಅಂತ ಅವ್ವ ಬೈಯುತ್ತಾಳೆ. ಹೀಗಾಗಿ ತಪ್ಪೆಲ್ಲ ನನ್ನ ತಲೆಯ ಮೇಲೇ ಉಳಿಯುತ್ತದೆ.

ನಮ್ಮಜ್ಜ ಗದಗ-ಬೆಟಗೇರಿಯಿಂದ ಪುಣೆಗೆ ಬಂದವನು. ಅಪ್ಪ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿ, ಅಲ್ಲೇ ಮನೆ ಮಾಡಿ, ಅಲ್ಲೇ ತೀರಿಕೊಂಡ. ನಾನು ಚಾಕಣ ಕಡೆ ಪ್ಲಾಸ್ಟಿಕ್ ಬಕೆಟ್ ಮಾಡುವ ಒಂದು ಕಾರ್ಖಾನೆಯಲ್ಲಿ ಮಷೀನುಗಳ ರಿಪೇರಿ ನೋಡಿಕೊಳ್ಳುವವನು. ಮನೆಯಲ್ಲಿ ಬೆಟಗೇರಿ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಕೆಲಸದಲ್ಲಿ ಹಿಂದಿ, ಸಿಟ್ಟು ಬಂದಾಗ ಮೂರೂ.

ನಮ್ಮ ಸಾಹೇಬರು ಚೀನಾದಿಂದ ಒಂದು ದೊಡ್ಡ ಮೋಲ್ಡಿಂಗ್ ಮಷೀನ್ ತರಿಸಲು ನಿಶ್ಚಯಿಸಿದರು. ಅದು ತಯಾರಾಗುವ ಹತ್ತು ತಿಂಗಳು ಅಲ್ಲೇ ಇದ್ದು, ಬಿಚ್ಚುವುದು ಜೋಡಿಸುವುದು ಎಲ್ಲ ಕಲಿತು ಬಾ ಅಂತ ನನ್ನನ್ನು ಕಳಿಸಿದರು. ಹೊರಡುವ ದಿನ ಅವ್ವ ನನ್ನನ್ನು ಎದುರಿಗೆ ಕೂಡಿಸಿಕೊಂಡಳು.

"ದೇವರು ಮೋಶೆಗೆ ಹತ್ತು ಆಜ್ಞಾ ಕೊಟ್ಟಿದ್ದ. ನಿನಗ ಹತ್ತು ನೆನಪಿರೂದಿಲ್ಲ, ಮೂರ ಸಾಕು," ಅಂದಳು. "ಒಂದು, ಊಟಕ್ಕ ಮೊದಲ ಪ್ರಾರ್ಥನಾ ಬಿಡಬ್ಯಾಡ. ಎರಡು, ಯಾವ ಮೂರ್ತಿಗೂ ಯಾವ ಫೋಟೋಕ್ಕೂ ತಲಿ ಬಾಗಬ್ಯಾಡ. ಮೂರು, ಯಾರ ಮನಿಗೆ ಹೋದ್ರೂ ಕೈ ಬೀಸ್ಕೋತ ಹೋಗಬ್ಯಾಡ."

ನನಗಾಗ ನಲವತ್ತಮೂರು ವರ್ಷ. ಹೂಂ ಅಂದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಚೀನಾದ ಮಂದಿ ಎಲ್ಲ ನಮ್ಮ ಬೆಟಗೇರಿ ಕನ್ನಡದಲ್ಲೇ ಮಾತಾಡುತ್ತಾರೆ. ತಪ್ಪು ಅವರದಲ್ಲ. ಅವರು ಹೇಳಿದ್ದನ್ನು ಆಫೀಸಿನ ದುಭಾಷಿ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನನ್ನ ತಲೆ ಅದನ್ನು ಬೆಟಗೇರಿಗೆ ತಿರುಗಿಸಿ ಇಟ್ಟುಕೊಳ್ಳುತ್ತಿತ್ತು. ಈಗ ಬೇರೆ ರೀತಿ ನೆನಪು ಮಾಡಿಕೊಳ್ಳಲು ನನಗೆ ಬರುವುದಿಲ್ಲ.

೧. ತಿರುಗುವ ಮೇಜು

ಅಲ್ಲಿ ನನಗೆ ಕೆಲಸ ಕಲಿಸಿದವರು ಅರವತ್ತು ದಾಟಿದ ಒಬ್ಬ ಮೇಸ್ತ್ರಿ. ಕಸುಬು ಕಲಿಸುವ ಗುರುವಿಗೆ ಅಲ್ಲಿ ಶಿಫು ಅನ್ನುತ್ತಾರೆ, ನಾನೂ ಹಾಗೇ ಅಂದೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮಷೀನಿನ ಮೇಲೆ ಅಂಗೈ ಇಟ್ಟು ಒಳಗೆ ಯಾವ ಬೇರಿಂಗು ಸವೆದಿದೆ ಅಂತ ಹೇಳುವ ಮನುಷ್ಯ. ನನ್ನ ಅಪ್ಪನೂ ಹಾಗೇ ಇದ್ದ. ಇವರ ಕಡೆಯಿಂದ ಒಮ್ಮೆ ಶಹಬ್ಬಾಸ್ ಅನ್ನಿಸಿಕೊಂಡು ಊರಿಗೆ ಹೋಗಬೇಕು ಅಂತ ಮೊದಲ ವಾರವೇ ಮನಸ್ಸಿನಲ್ಲಿ ಆಸೆ ಕೂತುಬಿಟ್ಟಿತು. ಹತ್ತು ತಿಂಗಳಲ್ಲಿ ನಾನು ಮಾಡಿದ್ದೆಲ್ಲ ಅದಕ್ಕೇ, ಕೆಟ್ಟದ್ದೂ ಅದಕ್ಕೇ.

ಮೊದಲ ದಿನ ಕಾರ್ಖಾನೆಯವರು ಊಟಕ್ಕೆ ಕರೆದರು. ದೊಡ್ಡ ದುಂಡು ಮೇಜು, ಅದರ ಮೇಲೆ ತಿರುಗುವ ಗಾಜಿನ ಹಲಗೆ. ತಟ್ಟೆಗಳೆಲ್ಲ ಗಾಜಿನ ಮೇಲೆ. ಯಾರಿಗೆ ಏನು ಬೇಕೋ ಅದನ್ನು ತಿರುಗಿಸಿ ತಮ್ಮ ಮುಂದೆ ತಂದುಕೊಳ್ಳಬೇಕು. ನನ್ನ ಮುಂದೆ ಶುಂಠಿ ಹಾಕಿ ಬೇಯಿಸಿದ ಮೀನು ಬಂದು ನಿಂತಿತ್ತು. ಭಾಳ ಖುಷಿಯಾಗಿ ಕಣ್ಣು ಮುಚ್ಚಿದೆ.

ನಮ್ಮ ಮನೆತನದ ಪ್ರಾರ್ಥನೆ ಸಣ್ಣದಲ್ಲ. ಬೆಳೆದ ರೈತನಿಂದ ಶುರುವಾಗಿ, ಅಡುಗೆ ಮಾಡಿದ ಕೈ, ಹಸಿದವರು, ಹಾಸಿಗೆ ಹಿಡಿದವರು, ಪ್ರಯಾಣದಲ್ಲಿರುವವರು, ಪರೀಕ್ಷೆ ಬರೆಯುವ ಮಕ್ಕಳು, ಎಲ್ಲರನ್ನೂ ಮುಟ್ಟಿಕೊಂಡೇ ಬರಬೇಕು. ಆಮೆನ್ ಅಂದು ಕಣ್ಣು ತೆರೆದರೆ ಮೀನು ಇಲ್ಲ. ಅದರ ಜಾಗದಲ್ಲಿ ಉಗುರು ಸಮೇತ ಕೋಳಿಯ ಕಾಲುಗಳು. ಮೀನು ಆಚೆ ದಡದಲ್ಲಿ ಬರೀ ಮುಳ್ಳಾಗಿ ಕಾಣುತ್ತಿತ್ತು.

ಮರುದಿನ ಬದನೆಕಾಯಿ ನೋಡಿ ಕಣ್ಣು ಮುಚ್ಚಿದೆ, ತೆರೆದಾಗ ಬಾತುಕೋಳಿಯ ತಲೆ ನನ್ನನ್ನೇ ನೋಡುತ್ತಿತ್ತು. ಮೂರನೆಯ ದಿನ ಇನ್ನೂ ವಿಚಿತ್ರವಾಯಿತು. ನಾನು ಕಣ್ಣು ಮುಚ್ಚಿದ್ದು ನೋಡಿ ಬಡಿಸುವವರು ವಾಸನೆ ಸೇರುತ್ತಿಲ್ಲ ಅಂದುಕೊಂಡು ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿ ಒಳಗೇ ಒಯ್ದುಬಿಟ್ಟರು. ಅವ್ವನಿಗೆ ಫೋನು ಮಾಡಿ, "ಆಶೀರ್ವಾದ ಬೇಡಿದ್ದು ಮೀನಿಗೆ, ತಿನ್ನೂದು ಕೋಳಿ ಕಾಲು. ನಡೀತದೇನಬೇ?" ಅಂತ ಕೇಳಿದೆ. "ಕಾಲಾದ್ರೇನು, ಆಶೀರ್ವಾದ ನಡಕೋತ ಬರ್ತದ," ಅಂದಳು.

ಕಡೆಗೆ ಶಿಫು ದುಭಾಷಿ ಹುಡುಗಿಯನ್ನು ಕರೆದು, ಇವನಿಗೆ ಊಟದ ಹೊತ್ತಿಗೆ ತಲೆ ತಿರುಗುತ್ತದೇನು ಅಂತ ವಿಚಾರಿಸಿದರು. ಅವಳು ನನ್ನನ್ನು ಕೇಳಿ ಅವರಿಗೆ ತಿಳಿಸಿದಳು. ಶಿಫು ಮುಂದಿನ ಊಟಕ್ಕೆ ನಾನು ಕಣ್ಣು ಮುಚ್ಚುತ್ತಿದ್ದಂತೆ ತಮ್ಮ ದಪ್ಪ ಅಂಗೈಯನ್ನು ಗಾಜಿನ ಮೇಲೆ ಊರಿ ಇಡೀ ಮೇಜನ್ನೇ ನಿಲ್ಲಿಸಿಬಿಟ್ಟರು. ಹನ್ನೆರಡು ಮಂದಿ ಊಟದ ಕಡ್ಡಿ ಹಿಡಿದುಕೊಂಡು ಕಾಯುತ್ತಿದ್ದರು.

"ತಡೀರಿ," ಅಂದರಂತೆ ಶಿಫು. "ಅವನು ಮ್ಯಾಲಿನ ಸಾಹೇಬರ ಜೋಡಿ ಮಾತಾಡಾಕತ್ತಾನ. ಅವರು ಇನ್ನೂ ಫೋನ್ ಇಟ್ಟಿಲ್ಲ."

೨. ಬಾಕರವಡಿ

ನಾನು ಹೊರಡುವ ಮೊದಲು ಕಂಪನಿಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಟೈ ಕಟ್ಟಿದ್ದ ಒಬ್ಬರು ಬಂದು, "ಹೊರದೇಶದ ಮಂದಿ ನೇರ. ಬೇಡ ಅಂದರೆ ಬೇಡ ಅಂತಲೇ ಅರ್ಥ. ನಮ್ಮವರ ಹಾಗೆ ಒತ್ತಾಯ ಮಾಡಬೇಡಿ," ಅಂತ ಹೇಳಿಕೊಟ್ಟಿದ್ದರು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದೆ.

ಶಿಫು ಅವರಿಗೆ ಅಂತ ಪುಣೆಯಿಂದ ಎರಡು ಡಬ್ಬಿ ಬಾಕರವಡಿ, ಅಲ್ಲಿಯ ಖಾರದ ಸುರುಳಿ ತಿಂಡಿ, ಒಯ್ದಿದ್ದೆ. ಒಂದು ದಿನ ಕೆಲಸ ಮುಗಿದ ಮೇಲೆ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಕೊಟ್ಟೆ.

"ಬ್ಯಾಡ ಬ್ಯಾಡ, ಯಾಕ ಇದೆಲ್ಲಾ," ಅಂದರು.

ಡೈರಿ ನೆನಪಾಯಿತು. "ಆತ್ರಿ," ಅಂದೆ, ಡಬ್ಬಿ ವಾಪಸು ತಗೊಂಡೆ. ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಹಸಿವಾಗಿತ್ತು, ಅವರ ಪಕ್ಕದ ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದು ಕುರುಂ ಕುರುಂ ಅಂತ ನಾಲ್ಕೈದು ತಿಂದೆ. ಶಿಫು ಸ್ಪ್ಯಾನರ್ ಒರೆಸುತ್ತ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮರುದಿನ ದುಭಾಷಿ ಹುಡುಗಿ ಬಂದು ಸಂಕೋಚದಿಂದ ಹೇಳಿದಳು. "ಸರ್, ನಮ್ಮಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲು ಎರಡು ಮೂರು ಸಲ ಬೇಡ ಅನ್ನಬೇಕು. ತಕ್ಷಣ ತಗೊಂಡರೆ ಆಸೆಬುರುಕ ಅಂದುಕೊಳ್ಳುತ್ತಾರೆ. ಶಿಫು ನಿನ್ನೆ ಒಂದೇ ಸಲ ಬೇಡ ಅಂದಿದ್ದರು. ನೀವು ಮತ್ತೆ ಕೇಳುತ್ತೀರಿ ಅಂತ ಮನೆಗೆ ಹೋಗದೆ ಕೂತಿದ್ದರು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲ, ಬೆಟಗೇರಿಯ ನಮ್ಮ ಸೋದರತ್ತೆಯ ಮನೆಯಲ್ಲಿ ಮೂರು ಸಲ ಬ್ಯಾಡ್ರಿ ಅನ್ನದೆ ಒಂದು ಕಪ್ ಚಹಾ ಕುಡಿದವರ ಕಥೆಯನ್ನು ಇಪ್ಪತ್ತು ವರ್ಷ ಹೇಳಿಕೊಂಡು ನಗುತ್ತಾರೆ. ಹುಟ್ಟಿದಾಗಿನಿಂದ ಗೊತ್ತಿದ್ದ ಒಂದೇ ಒಂದು ಮರ್ಯಾದೆಯನ್ನು ಟೈ ಕಟ್ಟಿದವರ ಮಾತು ಕೇಳಿ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಉಳಿದ ಇನ್ನೊಂದು ಡಬ್ಬಿ ಒಯ್ದು ಮತ್ತೆ ಕೊಟ್ಟೆ. ಈ ಸಲ ಶಿಫು ಬ್ಯಾಡ ಅನ್ನಲಿಲ್ಲ. ನನ್ನ ಕೈಯಿಂದ ಕಸಿದುಕೊಂಡು, ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಆಮೇಲೆ ನಿಧಾನಕ್ಕೆ "ಬ್ಯಾಡಾಗಿತ್ತು" ಅಂದರು.

೩. ಸೇವಂತಿಗೆ

ಶಿಫು ತಮ್ಮ ಮನೆಗೆ ಊಟಕ್ಕೆ ಕರೆದರು. ಅಂದು ಭಾನುವಾರ. ಅವ್ವನ ಮೂರನೆಯ ಆಜ್ಞೆ ನನಗೆ ಬಾಯಿಪಾಠ. ಬೆಳಿಗ್ಗೆ ಚರ್ಚಿಗೆ ಹಾಕಿದ್ದ ಬಿಳಿ ಅಂಗಿಯಲ್ಲೇ ಹೂವಿನ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಒಂದು ಮೂಲೆಯಲ್ಲಿ ಸೇವಂತಿಗೆ ಕಂಡಿತು. ಬಿಳಿ, ಹಳದಿ, ಒಂದೊಂದು ಹೂವು ಅಂಗೈಯಗಲ. ಅಂಥ ಸೇವಂತಿಗೆ ನಾನು ಪುಣೆಯ ಮಂಡಿಯಲ್ಲೂ ನೋಡಿರಲಿಲ್ಲ. ನಮ್ಮ ಕಡೆ ಸೇವಂತಿಗೆ ಇಲ್ಲದ ಹಬ್ಬವಿಲ್ಲ, ಮದುವೆಯಿಲ್ಲ. ಕೈತುಂಬ ಕೊಡಿ ಅಂತ ತೋರಿಸಿದೆ. ಅಂಗಡಿಯಾಕೆ ನನ್ನ ಬಿಳಿ ಅಂಗಿ ನೋಡಿದಳು, ಮುಖ ಸಣ್ಣದು ಮಾಡಿಕೊಂಡು ತಲೆ ತಗ್ಗಿಸಿದಳು. ಎಷ್ಟು ವಿನಯದ ಮಂದಿ ಅಂದುಕೊಂಡೆ. ಬಿಳಿ ಕಾಗದದಲ್ಲಿ ಸುತ್ತಿ, ಕರಿ ರಿಬ್ಬನ್ ತೋರಿಸಿ ನಡೆಯುತ್ತದಾ ಅನ್ನುವ ಹಾಗೆ ನೋಡಿದಳು. ಬಿಳಿಯ ಮೇಲೆ ಕರಿ ಎದ್ದು ಕಾಣುತ್ತದೆ ಅಂತ ನಾನು ಹೂಂ ಅಂದೆ. ಹೊರಡುವಾಗ ನನ್ನ ಮೊಣಕೈ ಹಿಡಿದು ಮೆಲ್ಲಗೆ ತಟ್ಟಿದಳು.

ಬಾಗಿಲು ತೆಗೆದವರು ಶಿಫು ಅವರ ಹೆಂಡತಿ. ಹೂವು ನೋಡಿದವರೇ ಒಳಗೆ ತಿರುಗಿ ಏನೋ ಕೂಗಿದರು. ಶಿಫು ಬಂದರು, ಅವರ ಹಿಂದೆ ದುಭಾಷಿ ಹುಡುಗಿ ಬಂದಳು. ಅವಳನ್ನೂ ಊಟಕ್ಕೆ ಕರೆದಿದ್ದರು. "ಸರ್, ಈ ಹೂವು ಸತ್ತವರಿಗೆ ಮಾತ್ರ ಒಯ್ಯುತ್ತಾರೆ," ಅಂತ ಪಿಸುಗುಟ್ಟಿದಳು. "ಬಿಳಿ ಬಟ್ಟೆಯೂ ಆವಾಗಲೇ. ಕರಿ ರಿಬ್ಬನ್ನೂ ಆವಾಗಲೇ."

ಒಂದನ್ನೂ ಬಿಟ್ಟಿರಲಿಲ್ಲ ನಾನು. ಬಾಗಿಲಲ್ಲಿ ನಿಂತವನಿಗೆ ಒಳಗೆ ಹೋಗಲೂ ಆಗದು, ಓಡಲೂ ಆಗದು. ಆಗ ಒಳಗಿನ ಕುರ್ಚಿಯಿಂದ ಒಂದು ಸಣ್ಣ ದನಿ ಬಂತು. ಶಿಫು ಅವರ ತಾಯಿ. ಎಂಬತ್ತಾರು ವರ್ಷ, ಬಾಯಲ್ಲಿ ಒಂದು ಹಲ್ಲಿಲ್ಲ, ಕಣ್ಣು ಮಾತ್ರ ಚುರುಕು. ಈ ಮನೆಯಲ್ಲಿ ಆ ಹೂವು ತರಿಸಿಕೊಳ್ಳುವಷ್ಟು ವಯಸ್ಸಾದವರು ಅವರೊಬ್ಬರೇ.

"ನನಗ ತಂದಾನೇನು?" ಅಂದರು.

ಮುದುಕಿ ಕೈ ಚಾಚಿ ಹೂವನ್ನು ಮಡಿಲಿಗೆ ಹಾಕಿಕೊಂಡು ಒಂದೊಂದನ್ನೇ ಮುಟ್ಟಿ ನೋಡಿದರು. ಆಮೇಲೆ ನಗಲು ಶುರುಮಾಡಿದರು, ಕೆಮ್ಮು ಬರುವ ತನಕ ನಕ್ಕರು.

"ನೀರಾಗ ಇಡ್ರಿ ಇವನ್ನ," ಅಂತ ಸೊಸೆಗೆ ಹೇಳಿದರು. "ಸತ್ತ ಮ್ಯಾಲ ಎಲ್ಲಾರೂ ತರ್ತಾರ, ಆವಾಗ ನನಗೆಲ್ಲಿ ಕಾಣಸ್ತಾವ? ಇವನೊಬ್ಬನ ನೋಡ್ರಿ ಟೈಮಿಗೆ ಮೊದಲ ಬಂದಾಂವ."

೪. ಪೂರ್ವ ದೇಶದ ಜ್ಞಾನಿ

ಆ ಊರಿನಲ್ಲಿ ಒಂದು ಸಣ್ಣ ಚರ್ಚು ಇತ್ತು. ಭಾಷೆ ತಿಳಿಯದಿದ್ದರೂ ಪ್ರತಿ ಭಾನುವಾರ ಹೋಗುತ್ತಿದ್ದೆ. ಹಾಡಿನ ರಾಗ ಕೆಲವು ನಮ್ಮ ಖಡಕಿಯ ಚರ್ಚಿನವೇ. ಅಂಥದು ಬಂದಾಗ ನಾನು ಕನ್ನಡದಲ್ಲೇ ಎತ್ತರದ ದನಿಯಲ್ಲಿ ಹಾಡುತ್ತಿದ್ದೆ. ಮುಂದಿನ ಸಾಲಿನ ಅಜ್ಜಿಯರು ತಿರುಗಿ ನೋಡಿ ತಲೆಯಾಡಿಸುತ್ತಿದ್ದರು. ಮೆಚ್ಚುಗೆ ಅಂತ ಒಂದು ತಿಂಗಳು ನಂಬಿದ್ದೆ. ಆಮೇಲೆ ಒಂದು ಭಾನುವಾರ ಅವರೆಲ್ಲ ಹಿಂದಿನ ಸಾಲಿಗೆ ಹೋಗಿ ಕೂತರು.

ಕ್ರಿಸ್‌ಮಸ್ ಬಂತು. ನಾಟಕದಲ್ಲಿ ನನಗೂ ಪಾರ್ಟು ಕೊಡುತ್ತೇವೆ ಅಂದರು. ಬಾಲಯೇಸುವನ್ನು ನೋಡಲು ಪೂರ್ವ ದೇಶದಿಂದ ಬರುತ್ತಾರಲ್ಲ ಮೂವರು ಜ್ಞಾನಿಗಳು, ಅದರಲ್ಲಿ ಒಬ್ಬನಾಗುತ್ತೇನೆ ಅಂತ ನಾನೇ ಬಾಯಿಬಿಟ್ಟು ಕೇಳಿದೆ. ಖಡಕಿಯಲ್ಲಿ ಚಿಕ್ಕಂದಿನಿಂದ ನನಗೆ ಕುರುಬನ ಪಾರ್ಟು ಬಿಟ್ಟು ಬೇರೆ ಕೊಟ್ಟವರಿಲ್ಲ. ವಿದೇಶದಲ್ಲಾದರೂ ಜ್ಞಾನಿಯಾಗೋಣ ಅಂತ. ಶಿಫು ಅವರನ್ನೂ ಅವರ ತಾಯಿಯನ್ನೂ ನೋಡಲು ಬನ್ನಿ ಅಂತ ಕರೆದೂ ಬಿಟ್ಟೆ.

ನಾಟಕ ಕಲಿಸುವ ಹೆಂಗಸು ಯೋಚನೆ ಮಾಡಿ ಹೇಳಿದರು. "ಜ್ಞಾನಿಗಳು ಪೂರ್ವದಿಂದ ಬರಬೇಕು. ನಿಮ್ಮ ದೇಶ ನಮಗ ಪಶ್ಚಿಮಕ್ಕದ. ಮಂದಿಗೆ ಗೊಂದಲ ಆಗ್ತದ."

"ಹಂಗಾದ್ರ ನನಗ ಯಾವ ಪಾರ್ಟು?" ಅಂದೆ.

"ಒಂಟಿ," ಅಂದರು. "ಒಂಟಿ ಯಾವ ದಿಕ್ಕಿನಿಂದ ಬಂದ್ರೂ ಯಾರೂ ಕೇಳೂದಿಲ್ಲ."

ಒಂಟೆಯಾದೆ. ನಾಟಕದ ದಿನ ಶಿಫು ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿಕೊಂಡು ಬಂದು ಮುಂದೆಯೇ ನಿಂತಿದ್ದರು. ಕಂದು ಕಂಬಳಿಯೊಳಗೆ ಬೆನ್ನು ಬಗ್ಗಿಸಿಕೊಂಡು ನಾನು ವೇದಿಕೆ ದಾಟುತ್ತಿದ್ದಂತೆ ಮುದುಕಿ, "ಅವನ ಕಾಲು ನೋಡ್ರಿ, ಅವನ ನಮ್ಮಾಂವ," ಅಂತ ಚಪ್ಪಾಳೆ ತಟ್ಟಿದರು. ಆ ಸಂಜೆಗೆಲ್ಲ ಬಿದ್ದ ಚಪ್ಪಾಳೆ ಅದೊಂದೇ. ಜ್ಞಾನಿಗಳಿಗೆ ಅದೂ ಬೀಳಲಿಲ್ಲ.

೫. ಎರಡನೆಯ ಆಜ್ಞೆ

ಚಳಿ ಮುಗಿಯುವುದರೊಳಗೆ ಮುದುಕಿ ತೀರಿಕೊಂಡರು. ಸುದ್ದಿ ಕೇಳಿ ನನಗೆ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಈ ಸಲ ಸೇವಂತಿಗೆಯನ್ನು ಸರಿಯಾದ ಹೊತ್ತಿಗೇ ಕೊಂಡೆ. ಅಂಗಡಿಯಾಕೆ ನನ್ನನ್ನು ಗುರುತಿಸಿ, ಪಾಪ ಎಷ್ಟು ಸಾವು ಈ ಮನುಷ್ಯನ ಮನೆಯಲ್ಲಿ ಅನ್ನುವ ಹಾಗೆ ನೋಡಿದಳು.

ಅಂತ್ಯಕ್ರಿಯೆಯ ದೊಡ್ಡ ಸಭಾಂಗಣ. ಗೋಡೆಗೆ ಮುದುಕಿಯ ಕಪ್ಪುಬಿಳುಪು ಫೋಟೋ, ಕರಿ ಅಂಚು, ಸುತ್ತ ಸೇವಂತಿಗೆ, ಕೆಳಗೆ ಊದುಬತ್ತಿ. ಬಂದವರು ಸಾಲಿನಲ್ಲಿ ಹೋಗಿ ಫೋಟೋದ ಮುಂದೆ ಮೂರು ಸಲ ಸೊಂಟ ಬಗ್ಗಿಸಿ ನಮಸ್ಕಾರ ಮಾಡಬೇಕು. ಪಕ್ಕದಲ್ಲಿ ಮನೆಯವರು ನಿಂತಿರುತ್ತಾರೆ, ಬಂದವರು ಬಾಗಿದಾಗ ತಾವೂ ಬಾಗಿ ಮರ್ಯಾದೆ ತೀರಿಸುತ್ತಾರೆ. ಶಿಫು ಬೆಳಗಿನಿಂದ ಹಾಗೆ ನಿಂತಿದ್ದರು.

ಸಾಲಿನಲ್ಲಿ ನಿಂತಾಗ ಅವ್ವನ ಎರಡನೆಯ ಆಜ್ಞೆ ನೆನಪಾಯಿತು. ಯಾವ ಫೋಟೋಕ್ಕೂ ತಲಿ ಬಾಗಬ್ಯಾಡ. ಬಾಗದಿದ್ದರೆ ಶಿಫು ಅವರ ತಾಯಿಗೆ ಅವಮಾನ. ಬಾಗಿದರೆ ನನ್ನ ತಾಯಿಗೆ. ಬಾಯಿಗೆ ಕೈ ಅಡ್ಡ ಹಿಡಿದು ಸಾಲಿನಿಂದಲೇ ಖಡಕಿಗೆ ಫೋನು ಮಾಡಿದೆ.

"ಬಾಗಬ್ಯಾಡ. ಪ್ರಾರ್ಥನಾ ಮಾಡು," ಅಂದಳು ಅವ್ವ. "ಛೊಲೋತ್ನಾಗಿ ಮಾಡು. ಹಿರೀ ಜೀವ ಅದು."

ನನ್ನ ಸರದಿ ಬಂತು. ಫೋಟೋದ ಮುಂದೆ ನೆಟ್ಟಗೆ ನಿಂತು, ಕೈ ಜೋಡಿಸಿ, ಕಣ್ಣು ಮುಚ್ಚಿ ಕನ್ನಡದಲ್ಲಿ ಶುರುಮಾಡಿದೆ. ಮುದುಕಿಗಾಗಿ ಮಾಡಿದೆ, ಅವರ ಮಡಿಲಲ್ಲಿದ್ದ ಹೂವು ನೆನಪಾಗಿ ಇನ್ನಷ್ಟು ಮಾಡಿದೆ. ಶಿಫು ಅವರಿಗಾಗಿ, ಅವರ ಹೆಂಡತಿಗಾಗಿ ಮಾಡಿದೆ. ಅಪ್ಪ ಸತ್ತಾಗ ನಮ್ಮ ಮನೆಗೆ ಬಂದ ಹಿರಿಯರು ಯಾರನ್ನೂ ಬಿಡದೆ ಪ್ರಾರ್ಥನೆ ಮಾಡಿದ್ದು ನೆನಪಾಯಿತು. ನಾನೂ ಯಾರನ್ನೂ ಬಿಡಲಿಲ್ಲ. ಹಾಸಿಗೆ ಹಿಡಿದವರು ಬಂದರು, ಪ್ರಯಾಣದಲ್ಲಿರುವವರು ಬಂದರು, ಅಭ್ಯಾಸಬಲದಿಂದ ಪರೀಕ್ಷೆ ಬರೆಯುವ ಮಕ್ಕಳೂ ಬಂದರು. ದುಭಾಷಿ ಹುಡುಗಿ ಹಿಂದಿನಿಂದ ಎರಡು ಸಲ ಅಂಗಿ ಜಗ್ಗಿದಳು. ಅವಳಿಗೂ ದುಃಖ ಬಂದಿದೆ ಅಂತ ತಿಳಿದು ಅವಳಿಗಾಗಿಯೂ ಒಂದು ಮಾತು ಸೇರಿಸಿದೆ.

ಆಮೆನ್ ಅಂದು ಕಣ್ಣು ತೆರೆದಾಗ ಹಚ್ಚಿಟ್ಟ ಊದುಬತ್ತಿ ಬೂದಿಯಾಗಿತ್ತು. ಸಾಲು ಬಾಗಿಲಾಚೆ ಹೋಗಿತ್ತು. ಶಿಫು ತಲೆ ಬಗ್ಗಿಸಿಕೊಂಡೇ ಇದ್ದರು, ಮುಖ ಎತ್ತಿ ನನ್ನನ್ನು ನೋಡಲಿಲ್ಲ. ಇಬ್ಬರು ಬಂದು ಅವರ ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ಹುಡುಗಿಯನ್ನು ಕೇಳಿದರೆ "ರಜೆ ಮೇಲಿದ್ದಾರೆ" ಅಂದಳು, ಹೆಚ್ಚು ಹೇಳಲಿಲ್ಲ. ಎರಡು ವಾರಕ್ಕೆ ನಾನು ಹೊರಟೆ, ಕಳಿಸಲೂ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳುವ ಧೈರ್ಯ ನನಗಿರಲಿಲ್ಲ. ತಪ್ಪಾಯಿತು ಅಂತ ಮೊಬೈಲಿನಲ್ಲಿ ಬರೆದು ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಅದು ಪ್ರೀತಿಯ ಹೆಬ್ಬೆರಳೋ ಸಿಟ್ಟಿನದೋ ಅಂತ ವಿಮಾನದಲ್ಲಿ ಆರು ಗಂಟೆ ಅದನ್ನೇ ದಿಟ್ಟಿಸಿದೆ. ಅಪ್ಪನಂಥ ಮನುಷ್ಯ, ಅವರ ತಾಯಿಗೇ ಅವಮಾನ ಮಾಡಿ ಬಂದೆ ಅನ್ನುವುದು ಎದೆಯಲ್ಲಿ ಕೂತುಬಿಟ್ಟಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. "ಎಷ್ಟೊತ್ತು ಮಾಡಿದಿ ಪ್ರಾರ್ಥನಾ?" ಅಂದಳು.

"ಒಂದು ಇಪ್ಪತ್ತು ಮಿನಿಟು ಆಗಿರಬೇಕು."

ಅವ್ವ ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಸತ್ತ ಲಾಜರನ್ನ ಎಬ್ಬಸಾಕ ಯೇಸುಸ್ವಾಮಿ ಸೈತ ಇಷ್ಟು ಹೊತ್ತು ತಗೊಂಡಿದ್ದಿಲ್ಲ."

೬. ಹಾರ್ದಿಕ ಸ್ವಾಗತ

ಮೂರು ತಿಂಗಳಿಗೆ ಮಷೀನು ಹಡಗಿನಲ್ಲಿ ಬಂತು. ಅದನ್ನು ಜೋಡಿಸಿ ಕೊಡಲು ಶಿಫು ಅವರೇ ಬರುತ್ತಾರೆ ಅಂತ ತಿಳಿದಾಗ ನನಗೆ ಸಂತೋಷವೂ ಆಯಿತು, ಭಯವೂ ಆಯಿತು.

ಸಾಹೇಬರು ಸ್ವಾಗತ ಜೋರಾಗಬೇಕು ಅಂದರು. ಪುಣೆಯಲ್ಲಿ ಫ್ಲೆಕ್ಸ್ ಇಲ್ಲದೆ ಯಾರೂ ಬರುವುದಿಲ್ಲ, ಹೋಗುವುದಿಲ್ಲ, ಹುಟ್ಟಿದ್ದಂತೂ ಗೊತ್ತೇ ಆಗುವುದಿಲ್ಲ. ಶಿಫು ಅವರ ಫೋಟೋ ಬೇಕು ಅಂದರು. ವೀಸಾ ಕಾಗದದ ಜೆರಾಕ್ಸಿನಲ್ಲಿ ಒಂದಿತ್ತು, ಕಪ್ಪುಬಿಳುಪು, ನಗು ಇಲ್ಲದ್ದು. ಕೊಟ್ಟವನು ನಾನೇ. ಹೂವಿನ ವಿಷಯವನ್ನೂ ಫೋನಿನಲ್ಲಿ ನನ್ನನ್ನು ಕೇಳಿದ್ದರಂತೆ, ಶೇವಂತಿ ನಡೆಯುತ್ತದಾ ಅಂತ. ನಾನಾಗ ವಿಮಾನ ನಿಲ್ದಾಣದಲ್ಲಿ ಶಿಫು ಅವರ ಹೆಸರಿನ ಬೋರ್ಡು ಹಿಡಿದು ಬಾಗಿಲನ್ನೇ ನೋಡುತ್ತಿದ್ದೆ. ಏನು ಕೇಳಿದರೋ, ಹೂಂ ಹೂಂ ಅಂದೆ.

ಶಿಫು ಹೊರಗೆ ಬಂದರು. ನಿಧಾನ ನಡಿಗೆ, ಸೊಂಟಕ್ಕೆ ಅಗಲವಾದ ಬೆಲ್ಟು. "ಉಂಡಿಯೇನು?" ಅಂತ ಒಂದೇ ಮಾತು. ಅಲ್ಲಿಯೂ ನಮ್ಮ ಹಾಗೆ ಊಟವಾಯಿತೇ ಅಂತಲೇ ಮಾತು ಶುರು. ಹತ್ತು ತಿಂಗಳಲ್ಲಿ ಅವರ ಭಾಷೆ ನನಗೆ ಊಟಕ್ಕೂ ಮಷೀನಿಗೂ ಸಾಲುವಷ್ಟು ಬಂದಿತ್ತು, ಕ್ಷಮೆ ಕೇಳುವಷ್ಟು ಬಂದಿರಲಿಲ್ಲ. ಹೋಟೆಲಿಗೆ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಕಾರ್ಖಾನೆಗೆ ಕರೆತಂದೆ. ಒಳಗೆ ಕಾಲಿಟ್ಟು ಎದುರಿಗೆ ನೋಡಿದೆ.

ಹೊಸ ಮಷೀನಿನ ಪಕ್ಕ ಎಂಟಡಿ ಫ್ಲೆಕ್ಸ್. ನಡುವೆ ಶಿಫು ಅವರ ಕಪ್ಪುಬಿಳುಪು ಮುಖ. ಎದ್ದು ಕಾಣಲಿ ಅಂತ ಸುತ್ತ ದಪ್ಪ ಕರಿ ಅಂಚು. ಅಂಚಿನ ಗುಂಟ ಬಿಳಿ ಹಳದಿ ಶೇವಂತಿಯ ಮಾಲೆ. ಮಷೀನ್ ಪೂಜೆಗೆ ಅಂತ ಕೆಳಗೆ ಒಂದು ಮೇಜು, ಮೇಲೆ ತೆಂಗಿನಕಾಯಿ, ಹಣ್ಣು, ಒಂದು ಕಟ್ಟು ಊದುಬತ್ತಿಯ ಹೊಗೆ. ಬದಿಗೆ ನಲವತ್ತು ಮಂದಿ ಕೆಲಸಗಾರರು ಕೈಕಟ್ಟಿ ಸಾಲಾಗಿ ನಿಂತಿದ್ದರು. ಫೋಟೋಕ್ಕೆ ಮಾಲೆ ಹಾಕುವುದು ನಮ್ಮಲ್ಲೂ ಸತ್ತವರಿಗೇ, ಸಡಗರದಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಮೇಲೆ ಮರಾಠಿಯಲ್ಲಿ ಹಾರ್ದಿಕ ಸ್ವಾಗತ ಅಂತಲೂ ಇತ್ತು. ಆದರೆ ಮುದುಕಿಯ ಫೋಟೋದ ಮುಂದೆ ಇಪ್ಪತ್ತು ನಿಮಿಷ ನಿಂತು ಬಂದವನು ನಾನು. ಇದು ಅದೇ. ಏನೂ ಬಿಟ್ಟಿರಲಿಲ್ಲ.

"ಕಸಂ ವಾಟಲಂ?" ಅಂದರು ಸಾಹೇಬರು, ಹೇಗಿದೆ ಅಂತ ಹೆಮ್ಮೆಯಿಂದ.

ಶಿಫು ನಿಧಾನಕ್ಕೆ ಹೋಗಿ ಫೋಟೋದ ಮುಂದೆ ನಿಂತರು. ಭಾಳ ಹೊತ್ತು ತಮ್ಮ ಮುಖ ತಾವೇ ನೋಡಿದರು. ಆಮೇಲೆ ಬೆಲ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು ಮೂರು ಸಲ ಬಾಗಿದರು.

"ಛೊಲೋ ಮನಿಷ್ಯಾ ಇದ್ದ," ಅಂದರು ನನ್ನ ಕಡೆ ತಿರುಗಿ. "ಯಾವಾಗ ಹೋದ?"

ಸಾಹೇಬರು ಇದು ಚೀನಾದ ಪದ್ಧತಿ ಅಂದುಕೊಂಡು ತಾವೂ ಮುಂದೆ ಬಂದು ಮೂರು ಸಲ ಬಾಗಿದರು. ಅವರ ಹಿಂದೆ ಕೆಲಸಗಾರರೆಲ್ಲ ಸಾಲು ಹಚ್ಚಿದರು. ಶಿಫು ನನ್ನ ಭುಜ ಹಿಡಿದು ಒಯ್ದು ಫೋಟೋದ ಪಕ್ಕಕ್ಕೆ ನಿಲ್ಲಿಸಿದರು.

"ಇವಗ ಇಲ್ಲಿ ತನ್ನವರು ಅಂತ ಯಾರೂ ಇಲ್ಲ. ನೀನ ನಿಲ್ಲು ಮಗನ ಜಾಗಾದಾಗ."

ನಿಂತೆ. ಒಬ್ಬೊಬ್ಬರು ಬಂದು ಮೂರು ಸಲ ಬಾಗುವರು, ನಾನು ಮೂರು ಸಲ ತಿರುಗಿ ಬಾಗುವುದು. ಫೋಟೋಕ್ಕೆ ಬಾಗಬೇಡ ಅಂದಿದ್ದಳು ಅವ್ವ, ಫಿಟ್ಟರುಗಳಿಗೆ ಬಾಗಬೇಡ ಅಂದಿರಲಿಲ್ಲ. ಹತ್ತು ಮಂದಿಗೆ ಬೆನ್ನು ಹಿಡಿಯಿತು. ಇಪ್ಪತ್ತಕ್ಕೆ ಕಣ್ಣಲ್ಲಿ ನೀರು ಬಂತು, ಅದು ಬೆನ್ನಿನದೇ ಅಂತ ಹೇಳಲಾರೆ. ನಲವತ್ತು ಮುಗಿದಾಗ ನೆಟ್ಟಗಾಗಲು ಮಷೀನು ಹಿಡಿದುಕೊಂಡೆ.

"ಸೊಂಟ ನೋಯಾಕತ್ತದೇನು?" ಅಂದರು ಶಿಫು.

"ಹೌದ್ರಿ."

ಉಳಿದದ್ದನ್ನು ಶಿಫು ತಮ್ಮ ಮೊಬೈಲಿಗೆ ಹೇಳಿದರು, ಅದು ಇಂಗ್ಲಿಷಿಗೆ ತಿರುಗಿಸಿತು.

"ನಂದೂ ನೋತಿತ್ತು. ಅವತ್ತು ನೀ ಬಾಗತಿ ಅಂತ ತಿಳಿದು ನಾ ಮೊದಲ ಬಾಗಿದ್ದೆ. ನೀ ಬಾಗಲಿಲ್ಲ, ಕಣ್ಣು ಮುಚ್ಚಿದಿ. ಬಂದಾಂವ ಮುಗಸೂ ತನಕ ಮನಿಯಾಂವ ಏಳೂ ಹಂಗಿಲ್ಲ. ಮೂರು ವಾರ ಹಾಸಿಗಿ ಹಿಡಿದಿದ್ದೆ. ನಿನ್ನ ಕಳಸಾಕ ಬರಾಕೂ ಆಗಲಿಲ್ಲ."

ಮೂರು ತಿಂಗಳು ನಾನು ಸಿಟ್ಟು ಅಂದುಕೊಂಡಿದ್ದು ಸೊಂಟನೋವು.

"ಉಳಿದ ಮಂದಿ ಮೂರು ಸಲ ಬಾಗಿ ಊಟಕ್ಕ ಹೋದ್ರು," ಅಂದರು ಶಿಫು, ದನಿ ಸಣ್ಣದು ಮಾಡಿ. "ನಮ್ಮವ್ವನ ಮುಂದ ಅಷ್ಟೊತ್ತು ನಿಂತಾಂವ ನೀನೊಬ್ಬನ." ಆಮೇಲೆ ಫ್ಲೆಕ್ಸಿನ ಕಡೆ ಬೆರಳು ಮಾಡಿದರು. "ಈಗ ಇವಗೂ ಒಂದು ಪ್ರಾರ್ಥನಾ ಮಾಡು. ಸಣ್ಣದು ಮಾಡು, ಕೆಲಸ ಅದ."

ಕಣ್ಣು ಮುಚ್ಚಿ, ಕೈ ಜೋಡಿಸಿದೆ. "ದೇವರೇ, ಇವರಿಗೆ ದೀರ್ಘಾಯುಷ್ಯ ಕೊಡು, ಮಷೀನು ನಡೀಲಿ, ಆಮೆನ್."

ಕಣ್ಣು ತೆರೆದರೆ ಶಿಫು ಇನ್ನೂ ತಲೆ ತಗ್ಗಿಸಿ, ಸೊಂಟ ಗಟ್ಟಿಯಾಗಿ ಹಿಡಿದು, ದೀರ್ಘ ಕಾಯುವಿಕೆಗೆ ತಯಾರಾಗಿ ನಿಂತಿದ್ದರು. ಒಂದು ಕಣ್ಣು ಮಾತ್ರ ತೆರೆದು ನೋಡಿದರು.

"ಮುಗೀತೇನು?"

"ಮುಗೀತ್ರಿ."

ಶಿಫು ನಿಧಾನಕ್ಕೆ ನೆಟ್ಟಗಾಗಿ ನನ್ನನ್ನು ದಿಟ್ಟಿಸಿದರು.

"ಇಷ್ಟು ಸಣ್ಣದೂ ಬರ್ತದ ನಿನಗ?"